ಅಪ್ಪಯ್ಯನ ಬಲಗೈ



ಕಳೆದ ರಾಜ್ಯೋತ್ಸವದ ಬ್ಯಾನರನ್ನು ನಮ್ಮ ಯುವ ವಿಭಾಗದ ಹುಡುಗಿಯೊಬ್ಬಳು ಸಭಾಗೃಹದ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲೇ ಮಾಡಿ ಮುಗಿಸಿದಳು. ಫೋಟೋದಲ್ಲಿದ್ದ ವಿದ್ಯುತ್ ತಂತಿಗಳನ್ನು ಬೆರಳಿನಿಂದ ಒರೆಸಿದಳು, ಬೂದು ಆಕಾಶಕ್ಕೆ ನೀಲಿ ತಂದಳು, ಇಲ್ಲದ ಜಾಗದಲ್ಲಿ ಒಂದು ತೇರನ್ನೂ ನಿಲ್ಲಿಸಿದಳು. ಎಲ್ಲಕ್ಕೂ ಸೇರಿ ಹತ್ತು ನಿಮಿಷ. "ಅಂಕಲ್, ನೀವು ಇದನ್ನೆಲ್ಲ ಹೇಗೆ ಕಲಿತಿರಿ? ಆಗ ಯೂಟ್ಯೂಬೇ ಇರಲಿಲ್ಲವಲ್ಲ!" ಎಂದು ಕೇಳಿದಳು. ಆಗ ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ಅವಳಿಗಷ್ಟೇ ಅಲ್ಲ, ಈ ಪುಟ ಓದುತ್ತಿರುವ ನಿಮಗೂ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ನಿಮ್ಮಲ್ಲಿ ಅನೇಕರ ಅಜ್ಜಂದಿರ ಕತೆಯೂ ಇದೇ ಇರಬಹುದು. ಆಮೇಲೆ ಮಾಟುಂಗದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತರು. ೧೯೯೧ರಲ್ಲಿ, ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ತೀರಿಕೊಂಡರು. ಡೊಂಬಿವಲಿಯ ಚಾಳಿನ ಒಂದೂವರೆ ಕೋಣೆಯಲ್ಲಿ ಅಮ್ಮ, ಅಕ್ಕ ಮತ್ತು ನಾನು ಉಳಿದೆವು.

ಚಿತ್ರ ಬಿಡಿಸುವ ಹುಚ್ಚು ನನ್ನನ್ನು ಕಮರ್ಶಿಯಲ್ ಆರ್ಟ್ ಕಾಲೇಜಿಗೆ ಕರೆದೊಯ್ದಿತು. ಮೊದಲೆರಡು ವರ್ಷ ಪೋಸ್ಟರ್ ಕಲರ್, ರಬ್ಬರ್ ಸೊಲ್ಯೂಷನ್, ಬ್ಲೇಡು, ಬ್ರೋಮೈಡ್ ಇಷ್ಟೇ ನಮ್ಮ ಪ್ರಪಂಚ. ಎರಡು ಫೋಟೋ ಒಂದಾಗಬೇಕಾದರೆ ಒಂದನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಹಿಂದಿನಿಂದ ಮರಳು ಕಾಗದದಲ್ಲಿ ತಿಕ್ಕಿ ತೆಳ್ಳಗೆ ಮಾಡಿ, ಇನ್ನೊಂದರ ಮೇಲೆ ಅಂಟಿಸಿ, ಸಂದನ್ನು ಕುಂಚದಿಂದ ಮುಚ್ಚಿ, ಮತ್ತೆ ಅದರದೇ ಫೋಟೋ ತೆಗೆಯಬೇಕಿತ್ತು. ಮೂರನೆಯ ವರ್ಷ ಕಾಲೇಜಿಗೆ ಕಂಪ್ಯೂಟರ್ ಬಂತು. ನಲವತ್ತು ವಿದ್ಯಾರ್ಥಿಗಳಿಗೆ ನಾಲ್ಕು ಯಂತ್ರ, ವಾರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮೌಸು ಹಿಡಿಯುವುದನ್ನು ಕಲಿತದ್ದೇ ಹೆಚ್ಚು.

ನಿಜವಾದ ವಿದ್ಯೆ ಸಿಕ್ಕಿದ್ದು ದಾದರಿನ ಒಂದು ಡಿಟಿಪಿ ಅಂಗಡಿಯಲ್ಲಿ. ಸಂಜೆ ಆರರಿಂದ ಒಂಬತ್ತರವರೆಗೆ ಲಗ್ನ ಪತ್ರಿಕೆ ಕಂಪೋಸ್ ಮಾಡಿದರೆ, ಒಂಬತ್ತರ ನಂತರ ಕೊನೆಯ ಲೋಕಲ್ ತನಕ ಯಂತ್ರ ನನ್ನದು. ಇದೇ ಒಪ್ಪಂದ. ಅಲ್ಲಿ ಫೋಟೋಶಾಪಿನ ನಾಲ್ಕನೆಯ ಆವೃತ್ತಿಯಿತ್ತು. ಅಮೆರಿಕದ ನಾಲ್ ಸಹೋದರರು ಬರೆದ ಈ ತಂತ್ರಾಂಶವನ್ನು ಅಡೋಬಿ ಕಂಪನಿ ಮಾರುಕಟ್ಟೆಗೆ ತಂದದ್ದು ೧೯೯೦ರಲ್ಲಿ. ಪದರಗಳು, ಅಂದರೆ ನೀವು ಲೇಯರ್ ಎನ್ನುವುದು, ಅದಕ್ಕೆ ಬಂದದ್ದು ೧೯೯೪ರ ಮೂರನೆಯ ಆವೃತ್ತಿಯಲ್ಲಿ. ನೀವು ನಂಬಲಿಕ್ಕಿಲ್ಲ, ನಮ್ಮ ಆವೃತ್ತಿಯಲ್ಲಿ 'ಅನ್‌ಡೂ' ಒಂದೇ ಒಂದು ಸಲ. ಎರಡು ಹೆಜ್ಜೆ ತಪ್ಪಿದರೆ ಮೊದಲನೆಯದನ್ನು ಮರೆತುಬಿಡಬೇಕು. ಹಿಂದಿನ ಹೆಜ್ಜೆಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಸೌಲಭ್ಯ ಬಂದದ್ದು ೧೯೯೮ರ ಐದನೆಯ ಆವೃತ್ತಿಗೆ.

ಅಂಗಡಿಯಲ್ಲಿ ಒಬ್ಬ ಹಿರಿಯ ಮರಾಠಿ ಕಲಾವಿದರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮೂವತ್ತು ವರ್ಷ ನೆಗೆಟಿವ್‌ಗಳ ಮೇಲೆ ಪೆನ್ಸಿಲಿನಿಂದ ರೀಟಚಿಂಗ್ ಮಾಡಿದ ಕೈ ಅದು. ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ. ನನ್ನ ಹಿಂದೆ ನಿಂತು ಪರದೆಯನ್ನು ನೋಡಿ ಒಂದೇ ಮಾತು ಹೇಳುತ್ತಿದ್ದರು: "ಮೊದಲು ನೆರಳು ನೋಡು, ಮನುಷ್ಯನನ್ನು ಆಮೇಲೆ ನೋಡು."

ಆ ಮಾತಿನ ಅರ್ಥ ನನಗಾದದ್ದು ೧೯೯೮ರ ಮೇ ತಿಂಗಳಲ್ಲಿ, ಅಕ್ಕನ ಮದುವೆಯಾದ ಮೇಲೆ. ಮದುವೆ ಊರಲ್ಲಿ ನಡೆಯಿತು. ದೊಡ್ಡಪ್ಪ, ದೊಡ್ಡಮ್ಮ ಧಾರೆ ಎರೆದರು. ಅಮ್ಮ ಚಪ್ಪರದ ಕಂಬದ ಹಿಂದೆ ನಿಂತು ನೋಡಿದಳು. ಆಗಿನ ಪದ್ಧತಿ ಹಾಗಿತ್ತು, ಯಾರೂ ಏನೂ ಅನ್ನಲಿಲ್ಲ. ಊಟಕ್ಕೆ ಮೊದಲು ನಾನೇ ಅಮ್ಮನನ್ನು ಎಳೆದು ತಂದು ಮದುಮಕ್ಕಳ ಪಕ್ಕ ನಿಲ್ಲಿಸಿ ಒಂದು ಪಟ ತೆಗೆದೆ. ಕ್ಯಾಮೆರಾ ಗೆಳೆಯನದು. ಅದು ನನ್ನ ಕೈಯಲ್ಲಿದ್ದುದರಿಂದ ನಾನು ಪಟದಲ್ಲಿಲ್ಲ. ಪಟದಲ್ಲಿ ಅಮ್ಮ, ಅಕ್ಕ, ಭಾವ. ಅಮ್ಮನ ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ.

ಮುಂಬಯಿಗೆ ಬಂದು ಪ್ರಿಂಟು ತೋರಿಸಿದಾಗ ಅಮ್ಮ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಮಾಣಿ, ನೀನ್ ಕಂಪ್ಯೂಟರಲ್ ಎಂತೆಂತದೋ ಮಾಡ್ತೆ ಅಂಬ್ರಲೆ. ಅಪ್ಪಯ್ಯನ್ನ ಇಲ್ಲಿ ನಿಲ್ಸುಕ್ ಆತ್ತಾ?" ಎಂದು ಕೇಳಿದಳು.

ಆಗುತ್ತದೆ ಎಂದೆ. ಇಪ್ಪತ್ತೊಂದರ ಹುಮ್ಮಸ್ಸು ನೋಡಿ!

ಅಪ್ಪಯ್ಯನ ನಿಂತಿರುವ ಬಣ್ಣದ ಫೋಟೋ ಇದ್ದದ್ದು ಒಂದೇ. ೧೯೮೬ರಲ್ಲಿ ಹೋಟೆಲಿನ ಸತ್ಯನಾರಾಯಣ ಪೂಜೆಯ ದಿನ ಕೆಲಸದವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಬಿಳಿ ಅಂಗಿ, ಬಿಳಿ ಪಂಚೆ. ಬಲಗಡೆ ನಿಂತವನ ಭುಜ ಅಪ್ಪಯ್ಯನ ಬಲಗೈಯನ್ನು ಪೂರ್ತಿ ಮರೆಮಾಡಿತ್ತು. ಆ ಪ್ರಿಂಟು ಕೆಂಪಾಗಿತ್ತು. ಹಳೆಯ ಬಣ್ಣದ ಪ್ರಿಂಟುಗಳಲ್ಲಿ ನೀಲಿ-ಹಸಿರು ಛಾಯೆ ಕೊಡುವ ಬಣ್ಣ ಮೊದಲು ಮಾಸುವುದರಿಂದ ಹಾಗಾಗುತ್ತದೆ. ನಿಮ್ಮ ಮನೆಯ ಆಲ್ಬಮ್ ತೆಗೆದು ನೋಡಿ, ತಿಳಿಯುತ್ತದೆ.

ಎರಡನ್ನೂ ಸ್ಕ್ಯಾನ್ ಮಾಡಿದೆ. ಎಂಟು ಇಂಚು ಅಗಲ ಹತ್ತು ಇಂಚು ಎತ್ತರದ ಪಟಕ್ಕೆ, ಇಂಚಿಗೆ ಮುನ್ನೂರು ಚುಕ್ಕೆಯಂತೆ, ಎಪ್ಪತ್ತೆರಡು ಲಕ್ಷ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಒಟ್ಟು ಇಪ್ಪತ್ತು ಎಂಬಿಗೂ ಮೇಲೆ. ಫ್ಲಾಪಿಯಲ್ಲಿ ಒಯ್ಯಬೇಕಾದರೆ ಹದಿನೈದು ಫ್ಲಾಪಿ! ಯಂತ್ರದ ಮೆಮರಿ ಮೂವತ್ತೆರಡು ಎಂಬಿ. ಒಂದು ಫಿಲ್ಟರ್ ಒತ್ತಿದರೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಹಿಂದೆ ಹೋಗಲು ದಾರಿಯಿಲ್ಲದ್ದರಿಂದ ಪ್ರತಿ ಹಂತವನ್ನೂ ಬೇರೆ ಹೆಸರಿನಲ್ಲಿ ಉಳಿಸಿಕೊಂಡೆ: ಅಪ್ಪಯ್ಯ ೧, ಅಪ್ಪಯ್ಯ ೨, ಅಪ್ಪಯ್ಯ ೩...

ಕತ್ತರಿಸುವುದು ಸುಲಭವೆಂದು ನೀವು ತಿಳಿದಿರಬಹುದು. ಮೊದಲ ರಾತ್ರಿ ಲಾಸ್ಸೋದಿಂದ ಗೆರೆ ಎಳೆದೆ. ಅಪ್ಪಯ್ಯ ಕಾಗದದ ಗೊಂಬೆಯಂತೆ ಕಂಡರು. ಎರಡನೆಯ ರಾತ್ರಿ ಪೆನ್ ಟೂಲಿನಿಂದ ಬಿಂದು ಬಿಂದು ಇಡುತ್ತಾ, ಅಂಚಿಗಿಂತ ಒಂದು ಚುಕ್ಕೆ ಒಳಗೆ ಬಂದೆ. ಹಳೆಯ ಹಿನ್ನೆಲೆಯ ಬಣ್ಣ ಅಂಚಿನಲ್ಲಿ ಉಳಿಯಬಾರದಲ್ಲ. ಬೇಡದ್ದನ್ನು ಅಳಿಸುವ ಬದಲು ಮಾಸ್ಕ್ ಹಾಕಿ ಮರೆಮಾಡಬೇಕು ಎನ್ನುವುದನ್ನೂ ಆಗಲೇ ಕಲಿತೆ. ಅಳಿಸಿದ್ದು ಮರಳಿ ಬರುವುದಿಲ್ಲ, ಮರೆಮಾಡಿದ್ದು ಬರುತ್ತದೆ.

ಎತ್ತರದ ಪ್ರಶ್ನೆ ಬಂತು. ಅಮ್ಮನ ಪಕ್ಕ ಅಪ್ಪಯ್ಯ ಎಷ್ಟೆತ್ತರ ಕಾಣಬೇಕು? ಮಾತಿನ ನಡುವೆ ಕೇಳಿದೆ. ಅಮ್ಮ ಎದ್ದು ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದು, ಒಂದು ಗೇಣಿಗೆ ಸ್ವಲ್ಪ ಕಡಿಮೆ ಮೇಲಕ್ಕೆತ್ತಿದಳು. ಏಳು ವರ್ಷಗಳ ಮೇಲೂ ಆ ಅಳತೆ ಅವಳ ಕೈಗೆ ನೆನಪಿತ್ತು.

ಆಮೇಲೆ ಬೆಳಕು. ಹೋಟೆಲಿನ ಪಟ ರಾತ್ರಿಯದು. ಫ್ಲ್ಯಾಶು ನೇರ ಮುಖಕ್ಕೆ ಹೊಡೆದಿತ್ತು. ಮದುವೆಯ ಪಟದಲ್ಲಿ ಬಿಸಿಲು ಎಡಗಡೆಯ ಮೇಲಿನಿಂದ. ಬಣ್ಣ ಎಷ್ಟು ಸರಿಪಡಿಸಿದರೂ ಅಪ್ಪಯ್ಯ ಆ ಅಂಗಳದಲ್ಲಿ ನಿಂತಂತೆ ಕಾಣಲಿಲ್ಲ, ತೇಲಿದಂತೆ ಕಂಡರು. ಕಾಕಾ ಹೇಳಿದ್ದು ಆಗ ಹೊಳೆಯಿತು. ಮುಖದ ಒಂದು ಪಕ್ಕವನ್ನು ಬರ್ನ್ ಟೂಲಿನಿಂದ ಸ್ವಲ್ಪ ಸ್ವಲ್ಪವೇ ಮಂಕಾಗಿಸಿದೆ. ಪಾದದ ಬುಡದಲ್ಲಿ ಗಾಢವಾಗಿ, ದೂರ ಹೋದಂತೆ ತೆಳುವಾಗಿ ನೆರಳು ಹಾಕಿದೆ. ಆ ನೆರಳಿನ ತುದಿ ಅಮ್ಮನ ಸೀರೆಯ ಅಂಚಿನ ಮೇಲೆ ಬೀಳಬೇಕಿತ್ತು. ಬೀಳಿಸಿದೆ. ಅಂದು ಕೊನೆಯ ಲೋಕಲ್ ತಪ್ಪಿಹೋಯಿತು, ಅಂಗಡಿಯ ಬೆಂಚಿನ ಮೇಲೆಯೇ ಮಲಗಿದೆ.

ಉಳಿದದ್ದು ಬಲಗೈ. ಇಲ್ಲದ ಕೈಯನ್ನು ಎಲ್ಲಿಂದ ತರಲಿ? ನನ್ನ ಕೈಯೇ ಇತ್ತು. ಬಿಳಿ ಅಂಗಿ ತೊಟ್ಟು, ಬಿಸಿಲಿನಲ್ಲಿ ನಿಂತು, ಗೆಳೆಯನಿಂದ ಫೋಟೋ ತೆಗೆಸಿ, ಆ ಕೈಯನ್ನು ಅಪ್ಪಯ್ಯನ ಭುಜಕ್ಕೆ ಜೋಡಿಸಿದೆ. ತಂದೆ ಮಗನ ಮೈಬಣ್ಣ ಒಂದೇ ಆದ್ದರಿಂದ ಚೆನ್ನಾಗಿಯೇ ಹೊಂದಿತು. ಕೊನೆಗೆ ಎಲ್ಲದರ ಮೇಲೂ ಒಂದಿಷ್ಟು ನಾಯ್ಸ್ ಹಾಕಿ ಎರಡು ಫಿಲ್ಮುಗಳ ತರಿಯನ್ನು ಸಮ ಮಾಡಿದೆ. 'ಅಪ್ಪಯ್ಯ ೧೪' ಸಿದ್ಧವಾಯಿತು. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಬೆನ್ನು ತಟ್ಟಿದರು.

ಪ್ರಿಂಟು ತೆಗೆಸಿ, ರಟ್ಟಿಗೆ ಅಂಟಿಸಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕಿಟಕಿಯ ಬಳಿ ಹೋಗಿ ಕುಳಿತಳು. ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನೋಡಿದಳು. ನನಗೋ ಒಳಗೊಳಗೇ ಹೆಮ್ಮೆ. ಆಗ ಅವಳ ಬೆರಳು ಕೆಳಗೆ ಜಾರಿ ಒಂದು ಕಡೆ ನಿಂತಿತು.

"ಮಾಣಿ, ಇದ್ ಅವ್ರ ಕೈ ಅಲ್ಲ."

ಅಪ್ಪಯ್ಯನ ಬಲ ಮಣಿಕಟ್ಟಿನ ಮೇಲೆ ಕಾವಲಿ ತಾಗಿ ಸುಟ್ಟ ಗಾಯದ ಉದ್ದ ಕಲೆಯಿತ್ತು. ಅದನ್ನು ನಾನು ಸಾವಿರ ಸಲ ನೋಡಿದ್ದೆ. ಹದಿನೈದು ದಿನ ಹಗಲಿರುಳು ಅವರ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ತಿದ್ದಿದವನಿಗೆ ಅದು ಮರೆತೇ ಹೋಗಿತ್ತು. ನಾಚಿಕೆಯಾಯಿತು. "ನಾಳೆಯೇ ಕಲೆ ಹಾಕಿ ತರುತ್ತೇನಮ್ಮ, ಐದು ನಿಮಿಷದ ಕೆಲಸ" ಎಂದೆ.

"ಬೇಡ. ನೀ ಬರ್ದ್ರೆ ಅದ್ ಸುಟ್ಟ ಗಾಯ ಆತ್ತಾ?" ಎಂದಳು ಅಮ್ಮ. ಕೋಪದಿಂದಲ್ಲ. ಸ್ವಲ್ಪ ತಡೆದು, "ಇದ್ರ ಹಿಂದೆ ಬರ್ದಿಡ್, ಇದ್ ಜೋಡ್ಸಿದ್ ಪಟ ಅಂದೇಳಿ. ಮುಂದ್ ಹುಟ್ಟು ಮಕ್ಳಿಗೆ ಗೊತ್ತಾಯ್ಕಲ್ದಾ" ಎಂದಳು. ರಟ್ಟಿನ ಹಿಂದೆ ಅವಳು ಹೇಳಿದಂತೆಯೇ ಬರೆದೆ. ಗೋಡೆಗೆ ಅವಳು ತೂಗುಹಾಕಿದ್ದು ಖಾಲಿ ಜಾಗವಿದ್ದ ಪಟವನ್ನೇ. ನನ್ನದು ಅವಳ ಟ್ರಂಕಿನಲ್ಲಿ, ಧಾರೆ ಸೀರೆಯ ಅಡಿಯಲ್ಲಿ ಉಳಿಯಿತು.

ಮಿತ್ರರೇ, ಚಿತ್ರ ಜೋಡಿಸುವುದು ಕಂಪ್ಯೂಟರಿನ ಕಾಲದ ಆಟವಲ್ಲ. ಮುಂಬಯಿಯಲ್ಲಿ ಜೆ.ಜೆ. ಕಲಾಶಾಲೆ ಆರಂಭವಾದ ೧೮೫೭ರಲ್ಲಿಯೇ ಇಂಗ್ಲೆಂಡಿನಲ್ಲಿ ರೈಲಾಂಡರ್ ಎಂಬವನು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿ ಒಂದೇ ಚಿತ್ರ ಮಾಡಿದ್ದ. ಅದು ಕಲೆ, ಯಾರಿಗೂ ಮೋಸವಿಲ್ಲ. ಆದರೆ ೧೯೮೨ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನು ಹತ್ತಿರ ಸರಿಸಿದಾಗ ಓದುಗರು ಸಿಟ್ಟಾದರು. ಎರಡೂ ಕಡೆ ಕೈಚಳಕ ಒಂದೇ. ಒಂದರಲ್ಲಿ ನೋಡುವವನಿಗೆ ತಾನು ನೋಡುತ್ತಿರುವುದು ಏನೆಂದು ಗೊತ್ತಿತ್ತು, ಇನ್ನೊಂದರಲ್ಲಿ ಗೊತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ.

ಅಮ್ಮ ೨೦೨೧ರಲ್ಲಿ ತೀರಿಕೊಂಡಳು. ಟ್ರಂಕು ಖಾಲಿ ಮಾಡುವಾಗ ಆ ಪಟ ಅಕ್ಕನ ಮಗಳ ಕೈಗೆ ಸಿಕ್ಕಿತು. ಅವಳು ಪುಣೆಯಲ್ಲಿ ಹುಟ್ಟಿ ಬೆಳೆದವಳು. "ಮಾವ, ಅಜ್ಜ ಅಮ್ಮನ ಮದುವೆಗೆ ಇದ್ರಾ? ಅಮ್ಮ ಮತ್ತೆ ಯಾಕೆ ಇರ್ಲಿಲ್ಲ ಅಂತಾಳೆ?" ಎಂದು ಕೇಳಿದಳು. ಫೋನ್ ತೆಗೆದು ಆಗಲೇ ಪಟದ ಚಿತ್ರ ಹಿಡಿದಾಗಿತ್ತು, ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಲು. "ಹಿಂದೆ ತಿರುಗಿಸಿ ನೋಡು" ಎಂದೆ. ರವಿವಾರದ ಕನ್ನಡ ತರಗತಿಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಾ ಅವಳು ಗಟ್ಟಿಯಾಗಿ ಓದಿದಳು: "ಇದು ಜೋಡಿಸಿದ ಪಟ. ಅಪ್ಪಯ್ಯ ೧೯೮೬ರ ಫೋಟೋದಿಂದ. ಬಲಗೈ ಮಗನದು. ಅಪ್ಪಯ್ಯನ ಕೈಯಲ್ಲಿ ಕಾವಲಿ ಸುಟ್ಟ ಕಲೆಯಿತ್ತು."

ಓದಿ ಮುಗಿಸಿ, "ಕಾವಲಿ ಅಂದ್ರೆ ಏನು ಮಾವ?" ಎಂದು ಕೇಳಿದಳು. ಅಂದು ಸಂಜೆಯವರೆಗೂ ಕುಳಿತು ಅವಳಿಗೆ ಅವಳ ಅಜ್ಜನ ಕತೆ ಹೇಳಿದೆ. ಚಿತ್ರ ಹೇಳದೇ ಇದ್ದುದನ್ನು ಅದರ ಬೆನ್ನ ಮೇಲಿನ ನಾಲ್ಕು ಸಾಲು ಹೇಳಿಸಿತು.

ಈಗ ನಿಮ್ಮ ಕೈಯಲ್ಲಿ ನನಗಿದ್ದುದಕ್ಕಿಂತ ಸಾವಿರ ಪಾಲು ಬಲವಾದ ಸಾಧನವಿದೆ. ೨೦೨೩ರಿಂದ ಫೋಟೋಶಾಪಿಗೆ ಮಾತಿನಲ್ಲಿ ಹೇಳಿದರೆ ಸಾಕು, ಇಲ್ಲದ ಕೈಯನ್ನು ಅದೇ ಹುಟ್ಟಿಸಿ ಕೊಡುತ್ತದೆ. ಬೆಳಕು ನೆರಳನ್ನೂ ತಾನೇ ನೋಡಿಕೊಳ್ಳುತ್ತದೆ. ಧಾರಾಳವಾಗಿ ಕಲಿಯಿರಿ, ಹಿಂಜರಿಯಬೇಡಿ. ಸುಕ್ಕಾದ ಹಳೆಯ ಪಟಗಳನ್ನು ತಿದ್ದಿ, ಅಗಲಿದವರನ್ನು ಒಂದೆಡೆ ನಿಲ್ಲಿಸಿ. ಹಿರಿಯರು ಕೇಳಿದರೆ ಇಲ್ಲವೆನ್ನಬೇಡಿ. ಆದರೆ ಮೂಲ ಪಟವನ್ನು ಮುಟ್ಟದೆ ಬೇರೆಯಾಗಿ ಉಳಿಸಿ. ಯಾವುದು ಎಲ್ಲಿಂದ ಬಂತೆಂದು ಎರಡು ಸಾಲು ಬರೆದಿಡಿ, ಸಾಧ್ಯವಾದರೆ ಕನ್ನಡದಲ್ಲಿ. ಮತ್ತೆ, ಕೆಲಸಕ್ಕೆ ಕೈಹಾಕುವ ಮೊದಲು ಆ ವ್ಯಕ್ತಿಯನ್ನು ಬಲ್ಲವರ ಪಕ್ಕ ಕುಳಿತು ಒಂದು ಗಂಟೆ ಮಾತಾಡಿ. ಕೈಯ ಮೇಲೆ ಕಲೆಯಿತ್ತೇ ಎಂದು ಕೇಳಿ. ಯಂತ್ರಕ್ಕೆ ಅದು ಗೊತ್ತಿರುವುದಿಲ್ಲ. ನಾನಂತೂ ಮಗನಾಗಿಯೂ ಮರೆತಿದ್ದೆ.