ಸರದಿಯಲ್ಲಿ ನಿಂತ ವಿಮಾನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರಿಗೆ ವಿಮಾನ ಕಟ್ಟುವ ಹುಚ್ಚಿನ ಪರಿಚಯವಿರಲಿಲ್ಲ. ಇದ್ದಿದ್ದರೆ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು. ನನಗೆ ಈ ಹುಚ್ಚು ಹಿಡಿದದ್ದು ಮೈಸೂರು ಬಿಟ್ಟು ಅಮೆರಿಕದ ಒಹಾಯೋ ರಾಜ್ಯದ ಡೇಟನ್ನಿಗೆ ಕೆಲಸಕ್ಕೆ ಬಂದ ಮೇಲೆ. ಇದು ರೈಟ್ ಸಹೋದರರ ಊರು. ಸೈಕಲ್ ಅಂಗಡಿಯ ಲಾಭದಲ್ಲಿ ವಿಮಾನ ಕಟ್ಟಿ, 1903ರ ಡಿಸೆಂಬರ್ 17ರಂದು ಮೊದಲ ಸಲ 12 ಸೆಕೆಂಡು ಹಾರಿಸಿದ ಅಣ್ಣತಮ್ಮಂದಿರು ಅವರು. ಅವರಿಬ್ಬರೂ ಕೊನೆಯವರೆಗೆ ಮದುವೆಯಾಗಲಿಲ್ಲ ಎಂಬ ಸಂಗತಿಯನ್ನು ನಮ್ಮಾಕೆ ಆಗಾಗ ನೆನಪಿಸುತ್ತಾಳೆ.

ನನಗಾದರೋ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ, ಮನೆ ಸಾಲವಿದೆ, ಮೈಸೂರಿನಲ್ಲಿ ವಯಸ್ಸಾದ ತಾಯಿ ಇದ್ದಾರೆ. ಇಷ್ಟರ ನಡುವೆ ವಿಮಾನಕ್ಕೆ ಜಾಗವೆಲ್ಲಿ?

ಕಿಟ್ ವಿಮಾನವೆಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ತೂತು ಕೊರೆದ ಅಲ್ಯೂಮಿನಿಯಂ ಹಾಳೆಗಳು, ಚೀಲಗಟ್ಟಲೆ ರಿವೆಟ್‌ಗಳು, ನಕ್ಷೆಗಳು ಮರದ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಉಳಿದದ್ದು ನಮ್ಮ ಕೈಕೆಲಸ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕೆಂಬುದು ಇಲ್ಲಿಯ ಸರ್ಕಾರದ ನಿಯಮ. ಇಬ್ಬರು ಕೂರುವ ಲೋಹದ ವಿಮಾನವೊಂದಕ್ಕೆ 1500ರಿಂದ 2000 ಗಂಟೆ ಬೇಕು. ವಾರಕ್ಕೆ 10 ಗಂಟೆ ಕೂತರೂ ಮೂರು ನಾಲ್ಕು ವರ್ಷ. ಹೊಸ ಎಂಜಿನ್ ಹಾಕಿ ಮುಗಿಸುವ ಹೊತ್ತಿಗೆ ಖರ್ಚು ಒಂದು ಲಕ್ಷ ಡಾಲರ್ ದಾಟುತ್ತದೆ.

ಈ ಲೆಕ್ಕ ಕೇಳಿ ನಮ್ಮಾಕೆ ಬೈಯಲಿಲ್ಲ. ಮನೆಖರ್ಚಿನ ಪುಸ್ತಕ ತಂದಿಟ್ಟು, "ರೀ, ಯಾವುದರ ನಂತರ ಯಾವುದು ಅಂತ ಇದರಲ್ಲಿ ಬರೀರಿ" ಎಂದಳು. ಬರೆದೆವು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಬೇಕು. ನಿವೃತ್ತಿಯ ಕಂತು, ಮಕ್ಕಳ ಕಾಲೇಜಿನ ಉಳಿತಾಯ ತಪ್ಪಬಾರದು. ಅಮ್ಮನ ಔಷಧಿಯ ಹಣ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ಟು ತಪ್ಪಬಾರದು. ಇವೆಲ್ಲ ಕಳೆದು ಉಳಿದರೆ ವಿಮಾನ. ಮನೆಯನ್ನು ಅಡವಿಟ್ಟು ಇನ್ನೊಂದು ಸಾಲ ತೆಗೆಯುವುದು ಇಲ್ಲಿ ಕಷ್ಟವೇನಲ್ಲ. ಅದನ್ನು ಮಾಡಕೂಡದೆಂದು ಅವಳು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಳು.

ಸರದಿಯ ಕೊನೆಯಲ್ಲಿ ನಿಂತರೂ ಕಿಟ್ ವಿಮಾನಕ್ಕೆ ಬೇಸರವಿಲ್ಲ. ಅದನ್ನು ಬಿಡಿಬಿಡಿಯಾಗಿ ಕೊಳ್ಳಬಹುದು: ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು. ಬಾಲದ ಬೆಲೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಕೆಲಸ ಒಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ ಮಾರಿಬಿಡಬಹುದು. ಎಲ್ಲಕ್ಕಿಂತ ದುಬಾರಿಯಾದ ಎಂಜಿನ್ನನ್ನು ಬೇಗ ತಂದಿಟ್ಟುಕೊಂಡರೆ ಹಣವೂ ಕೂತುಬಿಡುತ್ತದೆ, ಎಂಜಿನ್ನೂ ತುಕ್ಕು ಹಿಡಿಯುತ್ತದೆ. ಮುಂಗಡ ಕೊಡುವಾಗಲೂ ಎಚ್ಚರ ಬೇಕು. 2023ರ ಡಿಸೆಂಬರಿನಲ್ಲಿ ದೊಡ್ಡ ಕಿಟ್ ಕಂಪನಿಯೊಂದು ದಿವಾಳಿ ಕಾನೂನಿನ ಆಶ್ರಯ ಕೋರಿತು. ಮುಂಗಡ ಕೊಟ್ಟು ಕಾಯುತ್ತಿದ್ದವರು ಹೆಚ್ಚಿದ ಬೆಲೆಗೆ ಒಪ್ಪಬೇಕಾಯಿತು. 2024ರಲ್ಲಿ ಕಂಪನಿ ಚೇತರಿಸಿಕೊಂಡಿತೆನ್ನಿ. ಆದರೂ ಕಳೆದುಕೊಂಡರೆ ಮನೆ ನಡುಗುವಷ್ಟು ಹಣವನ್ನು ಮುಂಗಡವಾಗಿ ಕೊಡಬಾರದು.

ವಿಮಾನ ಕಟ್ಟಿ ಮುಗಿದ ಮೇಲೂ ಖರ್ಚು ಮುಗಿಯುವುದಿಲ್ಲ. ಹ್ಯಾಂಗರಿನ ಬಾಡಿಗೆ, ವಿಮೆ, ಪೆಟ್ರೋಲು ಬೆನ್ನು ಬಿಡುವುದಿಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿದೆವು. ಬಾಲ ಕೊಳ್ಳುವ ಮುಂಚೆ ಒಂದು ವರ್ಷ, ಇಲ್ಲದ ವಿಮಾನಕ್ಕೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಿದೆವು, ನಮ್ಮದೇ ಬೇರೊಂದು ಖಾತೆಗೆ. ಹಳೆಯ ಕಾರನ್ನೇ ಓಡಿಸಿದೆವು, ಹೋಟೆಲಿನ ಊಟ ಕಡಿಮೆ ಮಾಡಿದೆವು. ವರ್ಷ ಕಳೆದಾಗ ಮನೆಯಲ್ಲಿ ಯಾರಿಗೂ ಕೊರತೆ ಎನಿಸಿರಲಿಲ್ಲ, ಬಾಲದ ಹಣವೂ ಕೂಡಿತ್ತು.

ಇನ್ನೊಂದು ಮಾತು ಉಳಿದಿತ್ತು. ಅದನ್ನು ನಮ್ಮಾಕೆ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು: "ನಿಮಗೇನಾದರೂ ಆದರೆ?" ಇದಕ್ಕೆ ತಮಾಷೆಯ ಉತ್ತರವಿಲ್ಲ. ಖಾಸಗಿಯಾಗಿ ವಿಮಾನ ಹಾರಿಸುವವರಿಗೆ ಅನೇಕ ಜೀವವಿಮೆಗಳು ಹೆಚ್ಚಿನ ಕಂತು ಹಾಕುತ್ತವೆ, ಇಲ್ಲವೇ ಹಾರಾಟದ ಸಾವನ್ನು ಹೊರಗಿಡುತ್ತವೆ. ಹಾರಾಟದ ವಿಷಯ ಬಚ್ಚಿಟ್ಟು ಕಂತು ಉಳಿಸಿದರೆ ಆಪತ್ತಿನ ದಿನ ಹೆಂಡತಿಯ ಕೈಗೆ ಬರುವುದು ಬರೀ ಕಾಗದ. ನಾನು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟು ಹೆಚ್ಚಿನ ಕಂತು ಕಟ್ಟುತ್ತಿದ್ದೇನೆ. ವಿಮಾನದ ಲೆಕ್ಕದಲ್ಲಿ ಅದೇ ಮೊದಲ ಖರ್ಚು. ಒಂದು ರಿವೆಟ್ ಕೊಳ್ಳುವ ಮುಂಚೆಯೇ ಆದದ್ದು.

ಈಗ ಬಾಲ ಸಿದ್ಧವಾಗಿ ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿದೆ. ರಿವೆಟ್ ಹೊಡೆಯಲು ಇಬ್ಬರು ಬೇಕು: ಒಬ್ಬರು ಈಚೆಯಿಂದ ಬಡಿಯಬೇಕು, ಇನ್ನೊಬ್ಬರು ಆಚೆಯಿಂದ ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು. ಶನಿವಾರಗಳಲ್ಲಿ ಮಗಳು ಹಿಡಿಯುತ್ತಾಳೆ, ಅವಳ ಕೈ ನನಗಿಂತ ಸ್ಥಿರ. ಮಗನಿಗೆ ಸದ್ದು ಆಗದು, ಅವನು ನಕ್ಷೆ ಓದುತ್ತಾನೆ. ವಾರದ ರಾತ್ರಿಗಳಲ್ಲಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬನೇ ಹಾಳೆಗಳ ಅಂಚನ್ನು ಸದ್ದಿಲ್ಲದೆ ಉಜ್ಜುತ್ತೇನೆ.

ರೆಕ್ಕೆಯ ಹಣ ಮುಕ್ಕಾಲು ಪಾಲು ಕೂಡಿದೆ. ಆದರೆ ಬರುವ ವರ್ಷ ಮಗಳು ಕಾಲೇಜು ಸೇರಲಿದ್ದಾಳೆ. ಪುಸ್ತಕದ ಸರದಿಯ ಪ್ರಕಾರ ಮೊದಲು ಅವಳ ಫೀಸು, ಆಮೇಲೆ ರೆಕ್ಕೆ. ಬಣ್ಣ ಬಳಿದಿಟ್ಟ ಅಲ್ಯೂಮಿನಿಯಂ ಎಷ್ಟು ವರ್ಷ ಬೇಕಾದರೂ ಕಾಯುತ್ತದೆ. ಮಕ್ಕಳ ವಯಸ್ಸು ಕಾಯುವುದಿಲ್ಲ. ನನಗಿರುವ ಚಿಂತೆ ಒಂದೇ: ಅವಳು ಹಾಸ್ಟೆಲಿಗೆ ಹೋದ ಮೇಲೆ ಉಕ್ಕಿನ ತುಂಡು ಹಿಡಿಯುವವರು ಯಾರು? "ನಾನಿಲ್ಲವೇ?" ಎನ್ನುತ್ತಾಳೆ ನಮ್ಮಾಕೆ, ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ.