ಓಡಿದವಳಿಗೆ ಓಡಿಸೋದು ಗೊತ್ತಿರಲಿಲ್ಲ (ಭಾಗ 3)

ಮೊದಲನೇ ಫೋಟೊ ನೋಡಿ. ಮಣ್ಣಿನ ಮೈದಾನ, ಸುಣ್ಣದ ಗೆರೆ, ಬರಿಗಾಲಲ್ಲಿ ನಿಂತಿರೋ ಎರಡು ಜಡೆಯ ಹುಡುಗಿ ನಾನು. ಶ್ರೀನಿವಾಸಪುರ ತಾಲ್ಲೂಕು ಮಟ್ಟದ 800 ಮೀಟರ್. 200 ಮೀಟರ್ ಟ್ರ್ಯಾಕು, ನಾಲ್ಕು ಸುತ್ತು. ಮೂರನೇ ಸುತ್ತಲ್ಲಿ ಹೊಟ್ಟೆ ಹಿಡ್ಕೊಂಡ್ರೆ ಮೇಷ್ಟ್ರು ಗೆರೆ ಪಕ್ಕದಲ್ಲೇ ಓಡಿ ಬಂದು ಕೂಗ್ತಿದ್ರು: “ಬಾಯಿ ಮುಚ್ಕೊಂಡು ಓಡು, ಆಮೇಲೆ ಅಳುವಂತೆ!” ಓಡಿದೆ. ಗೆದ್ದೆ. ಓಟ ಅಂದ್ರೆ ಇಷ್ಟೇ ಅಂದ್ಕೊಂಡೆ.

ಓಟ ನಿಂತದ್ದು ಹೇಗೆ ಅಂತ ಕಳೆದ ಭಾಗಕ್ಕೆ ತುಂಬಾ ಜನ ಕೇಳಿದ್ರಿ. ದೊಡ್ಡ ಕತೆ ಏನಿಲ್ಲ. ಮೊಣಕಾಲ ಕೆಳಗೆ ಮೂಳೆ ನೋವು, ಟೀಚರ್ ಟ್ರೈನಿಂಗು, ಆಮೇಲೆ ಮುಳಬಾಗಿಲಿನ ಒಂದು ಖಾಸಗಿ ಶಾಲೆ. ಗಣಿತ ಹೇಳಿಕೊಡೋಕೆ ಸೇರಿದ್ದು. ಓಡ್ತಿದ್ದವಳು ಅಂತ ಗೊತ್ತಾದ ವಾರಕ್ಕೇ ಕುತ್ತಿಗೆಗೆ ವಿಸಿಲ್ ಬಂತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮೈದಾನದಲ್ಲಿ ಎರಡೂ. ಮೇಷ್ಟ್ರ ಆ ಮಾತು ಮಾತ್ರ ಎರಡು ಭಾಷೆಯಲ್ಲೂ ಹಂಗಂಗೇ ನನ್ನ ಬಾಯಿಗೆ ಬರ್ತಿತ್ತು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಹೆಸರು ಬೇಡ. ಅಮ್ಮನ ಜೊತೆ ಟೊಮೆಟೊ ತೋಟದ ಕೆಲಸ ಮುಗಿಸಿ, ಬರೀ ಟೀ ಕುಡಿದು ಏಳು ಗಂಟೆಗೆ ಮೈದಾನದಲ್ಲಿ ಇರ್ತಿದ್ದಳು. ಎರಡು ತಿಂಗಳಿಂದ ಅವಳ ಟೈಮಿಂಗ್ ಕೆಡ್ತಾ ಇತ್ತು. “ಮಿಸ್, ಕಾಲು ಬರ್ತಿಲ್ಲ” ಅಂದಳು. ಸೋಮಾರಿತನ ಅಂದ್ಕೊಂಡು ಎರಡು ಸುತ್ತು ಜಾಸ್ತಿ ಓಡಿಸಿದೆ. ಕೋಲಾರದಲ್ಲಿ ಜಿಲ್ಲಾ ಮಟ್ಟದ ದಿನ ಕೊನೇ ತಿರುವಿನಲ್ಲಿ ಬಿದ್ದಳು. ಅದಕ್ಕೆ ಸ್ವಲ್ಪ ಮುಂಚೆ ನಾನು ಏನು ಕೂಗಿದ್ದೆ ಅಂತ ನಿಮಗೆ ಗೊತ್ತು.

ಹಿಮೋಗ್ಲೋಬಿನ್ 7.4. ಆ ವಯಸ್ಸಿಗೆ 12ಕ್ಕಿಂತ ಕಮ್ಮಿ ಇರಬಾರದು. ಡಾಕ್ಟರಮ್ಮ ಬೈಯಲಿಲ್ಲ. “ಈ ಮಗುಗೆ ಮೆಟ್ಟಿಲು ಹತ್ತೋದೇ ಕಷ್ಟ. ಓಡಿಸಿದ್ಯಾರು?” ಅಂದರು. ಅವಳ ಅಮ್ಮ ನನ್ನ ಕಡೆ ಕೈ ತೋರಿಸಿ, “ನಮ್ ಮಿಸ್ಸು, ತುಂಬಾ ಒಳ್ಳೇವ್ರು” ಅಂದರು.

ಮಾರನೇ ವರ್ಷ ಕೆಲಸ ಬಿಟ್ಟು ಬಿ.ಪಿ.ಎಡ್.ಗೆ ಸೇರಿದೆ. ನನಗೆ 34. ಅಂಚೆ ಶಿಕ್ಷಣದಲ್ಲಿ ಮಾಡ್ಕೊಂಡಿದ್ದ ಡಿಗ್ರಿ ಉಪಯೋಗಕ್ಕೆ ಬಂತು. ಅಷ್ಟೊತ್ತಿಗೆ ಯಜಮಾನರ ಕೆಲಸಕ್ಕೆ ಮಾಲೂರಿಗೆ ಬಂದಿದ್ವಿ. ಎರಡು ವರ್ಷ ಬೆಳಗಿನ ರೈಲಲ್ಲಿ ನಿಂತ್ಕೊಂಡೇ ಬೆಂಗಳೂರಿಗೆ ಹೋದೆ. ಕ್ಲಾಸಿನ ಮಕ್ಕಳು ಅಕ್ಕಾ ಅಂತಿದ್ರು, ಅಸೈನ್‌ಮೆಂಟ್ ನನ್ನದನ್ನೇ ನೋಡಿ ಬರೀತಿದ್ರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ ಕೆನೆತ್ ಪೊವೆಲ್ ನಮ್ಮ ಕೋಲಾರದಲ್ಲಿ ಹುಟ್ಟಿದವರು ಅಂತ ತಿಳಿದದ್ದೂ ಅಲ್ಲೇ. ಹದಿನೈದು ವರ್ಷ ವಿಸಿಲ್ ಊದಿದ್ರೂ ಯಾರೂ ಹೇಳಿರಲಿಲ್ಲ!

ಪುಸ್ತಕದಲ್ಲಿ ನನ್ನ ಕಾಲುನೋವು ಕೂಡ ಸಿಕ್ತು. ಶಿನ್ ಸ್ಪ್ಲಿಂಟ್ಸ್. ಗಟ್ಟಿ ನೆಲದಲ್ಲಿ ಓಟ ಒಂದೇ ಸಲ ಜಾಸ್ತಿ ಮಾಡಿದ್ರೆ ಬರೋದು, ಮೊದಲ ಮದ್ದು ವಿಶ್ರಾಂತಿ. ಹದಿನೇಳು ವರ್ಷ ಅದನ್ನ ನನ್ನ ಹೇಡಿತನ ಅಂತ ತಿಳ್ಕೊಂಡಿದ್ದೆ. ಮುಂದಿನ ಪಾಠ ರಕ್ತದ್ದು. ಕಬ್ಬಿಣಾಂಶ ಕಮ್ಮಿಯಾದ್ರೆ ರಕ್ತ ಆಮ್ಲಜನಕ ಹೊರೋದು ಕಮ್ಮಿ, ಮನಸ್ಸು ಎಷ್ಟೇ ಗಟ್ಟಿಯಿದ್ರೂ ಕಾಲು ಬರಲ್ಲ. ಅವಳು ಹೇಳಿದ್ದೂ ಅದನ್ನೇ.

ಈಗ ಶ್ರೀನಿವಾಸಪುರದ ಕಡೆಗೇ ವಾಪಸ್ ಬಂದಿದ್ದೀನಿ. ಬೆಳಿಗ್ಗೆ ಹದಿನಾಲ್ಕು ಮಕ್ಕಳು. ಏನು ತಿಂದ್ರಿ ಅಂತ ಕೇಳದೆ ವಿಸಿಲ್ ಊದಲ್ಲ. ಹುಡುಗೀರು ಮುಟ್ಟಿನ ದಿನ ನೋಟ್‌ಬುಕ್ಕಲ್ಲಿ ಗುರುತು ಹಾಕ್ತಾರೆ. ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಕಬ್ಬಿಣದ ಮಾತ್ರೆ ಮೋರಿಗೆ ಹೋಗದ ಹಾಗೆ ಕಾಯ್ತೀನಿ. ಊಟ ಆದ್ಮೇಲೆ ತಗೊಂಡ್ರೆ ಹೊಟ್ಟೆ ತೊಳಸೋದು ಕಮ್ಮಿ. ಹಿಂದೆಯೇ ಟೀ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಮನೇಲಿ ಬಸ್ಸಾರು ಮಾಡಿದ ದಿನ ಸೊಪ್ಪಿಗೆ ನಿಂಬೆಹಣ್ಣು ಹಿಂಡ್ಕೊಳ್ಳಿ. ನಿಮ್ಮ ಮಗಳಿಗೂ ಸುಸ್ತು ಅಂದ್ರೆ ಬೈಯೋ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ಆ ಹುಡುಗಿ ಗುಣವಾದಳು. ಮತ್ತೆ ಓಡಲಿಲ್ಲ. ಈಗ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಹೋದ ತಿಂಗಳು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಳು. ಕ್ಷಮೆ ಕೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ, “ಮಿಸ್, ಆವತ್ತು ಬಿದ್ದಾಗ ನಾನು ಎಷ್ಟನೇ ಪ್ಲೇಸಲ್ಲಿದ್ದೆ?” ಅಂದಳು.

ಎರಡನೇದರಲ್ಲಿ, ಅಂದೆ.