ಇಬ್ಬರು ಕೂತು ನೋಡುವ ಸಿನಿಮಾ

ಕೆಟ್ಟ ಸಿನಿಮಾಗಳ ಪಟ್ಟಿ ಯಾರೇ ಮಾಡಲಿ, ಅದರಲ್ಲಿ ‘ಇಷ್ತಾರ್’ಗೆ ಬಹುಕಾಲ ಒಂದು ಖಾಯಂ ಜಾಗವಿತ್ತು. 1987ರ ಅಮೆರಿಕನ್ ಚಿತ್ರ. ವಾರನ್ ಬೀಟಿ, ಡಸ್ಟಿನ್ ಹಾಫ್‌ಮನ್ ಎಂಬ ಇಬ್ಬರು ಘಟಾನುಘಟಿಗಳು. ನಿರ್ದೇಶಕಿ ಎಲೇನ್ ಮೇ. ಸುಮಾರು 5 ಕೋಟಿ ಡಾಲರ್ ಸುರಿದರು, ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಒಂದೂವರೆ ಕೋಟಿಯೂ ಹುಟ್ಟಲಿಲ್ಲ. ವಿಮರ್ಶಕರು ಮುಖಮೂತಿ ನೋಡದೆ ಬಾರಿಸಿದರು. ಎಲೇನ್ ಮೇ ಆಮೇಲೆ ಇನ್ನೊಂದು ಕಥಾಚಿತ್ರ ನಿರ್ದೇಶಿಸಲಿಲ್ಲ.

ಇಂಥ ಘನಕಾರ್ಯವನ್ನು ನಾನು ನೋಡಿದ್ದು ರಾಯದುರ್ಗದ ಗೆಳೆಯನ ಮನೆಯಲ್ಲಿ, ಅವನ ಮಗನ ಲ್ಯಾಪ್‌ಟಾಪಿನಲ್ಲಿ. ಹಾಡು ಕಟ್ಟಲು ಬಾರದ ಇಬ್ಬರು ಹಾಡುಗಾರರು ಮೊರಾಕೋದ ಹೋಟೆಲಿನಲ್ಲಿ ಹಾಡಲು ಹೊರಟು, ಗೂಢಚಾರರ ಕೈಗೆ ಸಿಕ್ಕಿ, ಕುರುಡು ಒಂಟೆ ಕಟ್ಟಿಕೊಂಡು ಮರಳುಗಾಡಿನಲ್ಲಿ ಅಲೆಯುತ್ತಾರೆ.

“ಲೇ ಮಾಮ, ಕತೆ ಎಲ್ಲೈತಿ ಇದ್ರಾಗ?” ಅಂದ ಗೆಳೆಯ.

“ಕಿಟ್ಟು ಪುಟ್ಟು ಕತೆ ಹೇಳು ನೋಡೋಣ” ಅಂದೆ. ತಲೆ ಕೆರೆದುಕೊಂಡ. ಕತೆ ನೆನಪಾಗಲಿಲ್ಲ, ಎತ್ತರದ ವಿಷ್ಣುವರ್ಧನ್ ಪಕ್ಕ ಗಿಡ್ಡ ದ್ವಾರಕೀಶ್ ನಿಲ್ಲುವ ಭಂಗಿ ಮಾತ್ರ ಎದ್ದು ಮಾಡಿ ತೋರಿಸಿದ.

‘ಕಿಟ್ಟು ಪುಟ್ಟು’ 1977ರದು. ಅದೇ ವರ್ಷದ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂತು, ಮಡಕಶಿರಾ ಕಡೆಯ ನಮ್ಮ ಟೆಂಟಿಗೆ ಬಂದದ್ದು ಕಿಟ್ಟು ಪುಟ್ಟು, ಅದೂ ತಡವಾಗಿ, ಮಳೆ ಸುರಿದಂತೆ ಗೀರು ಬಿದ್ದ ರೀಲುಗಳಲ್ಲಿ. ನೆಲಕ್ಕೆ ಕೂತರೆ ಹಿಂದಿನ ಆಟದವರು ಉಗಿದ ಕಡ್ಲೆಕಾಯಿ ಸಿಪ್ಪೆ ತೊಡೆಗೆ ಚುಚ್ಚುತ್ತಿತ್ತು. ಪಕ್ಕದ ಮನೆಯ ತೆಲುಗು ಹುಡುಗ ನನ್ನ ಜೊತೆಗಾರ. ಮಾತು ಬಂದಾಗ ಮೊದಲು ನಾನು ನಗುತ್ತಿದ್ದೆ, “ಏಮನ್ಯಾಡ್ರಾ?” ಅಂತ ಕೇಳಿ ಅವನು ಆಮೇಲೆ ನಗುತ್ತಿದ್ದ, ಅವನು ನಕ್ಕದ್ದಕ್ಕೆ ನನಗೆ ಮತ್ತೆ ನಗು. ದ್ವಾರಕೀಶ್ ಏಟು ತಿನ್ನುವಾಗ ಮಾತ್ರ ಇಬ್ಬರದೂ ಒಟ್ಟಿಗೆ.

ಹುಣಸೂರಿನ ಈ ಕುಳ್ಳ ತೆರೆಯ ಮೇಲೆ ಬೈಸಿಕೊಳ್ಳುವವನಾದರೂ ತೆರೆಯ ಹಿಂದೆ ಎಲ್ಲರಿಗೂ ಸಂಬಳ ಕೊಡುವ ಯಜಮಾನ. 1969ರಲ್ಲಿ ರಾಜ್‌ಕುಮಾರ್ ಅವರನ್ನು ‘ಮೇಯರ್ ಮುತ್ತಣ್ಣ’ ಮಾಡಿದವರು, 1972ರಲ್ಲಿ ‘ಕುಳ್ಳ ಏಜೆಂಟ್ 000’ಗೆ ಕಿಶೋರ್ ಕುಮಾರ್ ಅವರಿಂದ ಕನ್ನಡ ಹಾಡಿಸಿದವರು, 1978ರಲ್ಲಿ ವಿಷ್ಣುವರ್ಧನ್ ಅವರನ್ನು ಕಟ್ಟಿಕೊಂಡು ಸಿಂಗಾಪುರಕ್ಕೇ ವಿಮಾನ ಹತ್ತಿದವರು. ಗಳಿಸಿದರು, ಕಳೆದುಕೊಂಡರು, ಸಾಲ ಮಾಡಿದರು. ಜೋಡಿಯ ನಡುವೆ ಮುನಿಸೂ ಬಂತು. 2004ರಲ್ಲಿ ‘ಆಪ್ತಮಿತ್ರ’ಕ್ಕಾಗಿ ಇಬ್ಬರೂ ಮತ್ತೆ ಒಂದಾದಾಗ ಜನ ಮುಗಿಬಿದ್ದರು. ಅದು ದೆವ್ವದ ಕತೆಗಷ್ಟೇ ಅಲ್ಲ ಅಂತ ನನ್ನ ನಂಬಿಕೆ. ಮುನಿಸು ಮುರಿದ ಗೆಳೆಯರನ್ನು ಕಣ್ಣಾರೆ ನೋಡಬೇಕಿತ್ತು.

ನಮ್ಮ ಕಡೆಯವರಿಗೆ ಜೋಡಿ ಮುರಿಯುವ ಸಂಗತಿ ಹೊಸದಲ್ಲ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಬಂತು, ಅದರ ಮಗ್ಗುಲಿನ ರಾಯದುರ್ಗ ಅನಂತಪುರಕ್ಕೆ ಹೋಯಿತು. ಅನಂತಪುರದ ಕಾಲೇಜಿನಲ್ಲಿ ಗೆಳೆಯನೂ ನಾನೂ ಜತೆಯಾದದ್ದೇ ಒಂದೇ ಜಿಲ್ಲೆಯ ಕನ್ನಡದವರು ಅಂತ. 2022ರಲ್ಲಿ ಮಡಕಶಿರಾವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿ ಅದನ್ನೂ ತಪ್ಪಿಸಿದರು.

ಇಷ್ತಾರ್‌ನಲ್ಲಿ ಒಂದು ಕಡೆ ಗೆಳೆಯ ಬಿದ್ದು ಬಿದ್ದು ನಕ್ಕ. ಬದುಕು ಸಾಕಾದ ಹಾಫ್‌ಮನ್ ಎತ್ತರದ ಕಟ್ಟಡದ ಅಂಚಿಗೆ ಹೋಗಿದ್ದಾನೆ. ಬೀಟಿ ಕಿಟಕಿಯೊಳಗಿಂದಲೇ ಬುದ್ಧಿ ಹೇಳಬಹುದಿತ್ತು. ಇಲ್ಲ, ಅವನೂ ಹೆದರುತ್ತ ಅಂಚಿಗೇ ಬರುತ್ತಾನೆ. ಬಂದು, ಈ ವಯಸ್ಸಿಗೂ ಕೈಯಲ್ಲಿ ಏನೂ ಇಲ್ಲದಿರುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ಅವನನ್ನು ಹೊಗಳುತ್ತಾನೆ! ನನ್ನ ಗೆಳೆಯ ಜೀನ್ಸ್ ಹೊಲಿಯುವ ಯೂನಿಟ್ಟು ಹಾಕಿ, ಸಾಲ ತೀರಿಸಲು ಮಿಷನ್ನುಗಳನ್ನೆಲ್ಲ ಮಾರಿದವನು. “ನೋಡಲೇ, ನನಗ ಯಾರೂ ಹಿಂಗ ಹೇಳ್ಲಿಲ್ಲ” ಅಂತ ನನ್ನ ಬೆನ್ನಿಗೆ ಗುದ್ದಿದ.

ಆ ಗುದ್ದು ಯಾವ ವಿಮರ್ಶೆಯಲ್ಲೂ ಬರುವುದಿಲ್ಲ. ವಿಮರ್ಶಕ ನೋಟ್‌ಬುಕ್ಕು ಹಿಡಿದು ಒಬ್ಬನೇ ಕೂರುತ್ತಾನೆ, ಕತೆಯ ತೂತು ಎಣಿಸುತ್ತಾನೆ, ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ಗೆಳೆಯರ ಚಿತ್ರದಲ್ಲಿ ಅರ್ಧ ತಮಾಷೆ ಪಕ್ಕದ ಸೀಟಿನದು. ಇನ್ನು ಮೇಲೆ ಇಂಥ ಸಿನಿಮಾಕ್ಕಾದರೂ ವಿಮರ್ಶಕರಿಗೆ ಎರಡು ಪಾಸು ಕೊಡಬೇಕು. ಎರಡನೆಯದನ್ನು ಹೆಂಡತಿಗಲ್ಲ, ಹಳೇ ಸಾಲ ಬಾಕಿ ಇರುವ ಯಾರಾದರೂ ಗೆಳೆಯನಿಗೇ ಕೊಡತಕ್ಕದ್ದು ಎಂದು ಷರತ್ತು ಹಾಕಿ.